ಹೊಸ ರೋಗ, ಹೊಸ ಹುಳು ಬೇಗ ಗೊತ್ತಾಗೋದು ಹೇಗೆ?

ಕೇಳಿದವರು, ಹೊಸನಗರ ತಾಲ್ಲೂಕು:
ನಮ್ಮದು ಮೂರು ಎಕರೆ ಅಡಿಕೆ. ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ, ಫೋನ್ ಸಿಗ್ನಲ್ ಇಲ್ಲ. ಎಲೆಚುಕ್ಕಿ ರೋಗ ಬಂದಿದೆ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ತೋಟ ಒಣಗಿತ್ತು. ಇನ್ನು ಮುಂದೆ ಏನೇ ಬಂದರೂ ಬೇಗ ಗೊತ್ತಾಗಬೇಕು. ನೀವೆಲ್ಲ ಏನು ಮಾಡುತ್ತೀರಿ?

ತೀರ್ಥಹಳ್ಳಿ ಕಡೆಯವರು:
ನಮ್ಮಲ್ಲೂ ಹಾಗೇ ಆಯ್ತು. ದಿನಾ ತೋಟ ಸುತ್ತುತ್ತಿದ್ದೆ, ಆದರೆ ಕಣ್ಣು ಇದ್ದಿದ್ದು ಅಡಿಕೆ ಗೊನೆ ಮೇಲೆ. ಈ ರೋಗ ಶುರುವಾಗುವುದು ಕೆಳಗಿನ ಸೋಗೆಯಲ್ಲಿ, ಅಂದರೆ ಅಡಿಕೆ ಗರಿಯಲ್ಲಿ. ಮೊದಲು ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ ಬಳೆ. ಆಮೇಲೆ ಚುಕ್ಕಿಗಳು ಒಂದಕ್ಕೊಂದು ಕೂಡಿ ಸೋಗೆ ಒಣಗಿ ಜೋತು ಬೀಳುತ್ತದೆ. ಎತ್ತರದ ಮರದಲ್ಲಿ ಆ ಚುಕ್ಕಿ ನೆಲದಿಂದ ಎಲ್ಲಿ ಕಾಣಬೇಕು? ಅದಕ್ಕೇ ಈಗ ಮರದಡಿಯ ಸಸಿಗಳನ್ನು ನೋಡುತ್ತೇನೆ. ರೋಗ ತರುವ ಶಿಲೀಂಧ್ರ ಮಳೆಹನಿ ಜೊತೆ ಸಿಡಿದು ಸಸಿಗೂ ತಗಲುತ್ತದೆ, ಎಲೆ ಕೈಗೇ ಸಿಗುತ್ತದೆ.

ಇನ್ನೊಂದು, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರನ್ನು ಕೇಳಿ. ಮರದ ತಲೆ ಹತ್ತಿರದಿಂದ ನೋಡುವವರು ಅವರೇ. ನಮ್ಮ ಕೊನೆಗೌಡರಿಗೆ ಚುಕ್ಕಿ ಒಂದು ತಿಂಗಳು ಮೊದಲೇ ಕಂಡಿತ್ತಂತೆ. ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳ್ಲೇ ಇಲ್ವಲ್ರಾ!"

ಶಿಕಾರಿಪುರದಿಂದ:
ನಮ್ಮದು ಮೆಕ್ಕೆಜೋಳ. ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆಯಾಗಿದ್ದು ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಹುಟ್ಟೂರು ಅಮೆರಿಕ ಖಂಡ! ನಾವು ಮಾಮೂಲಿ ಹುಳು ಅಂತ ಸುಮ್ನೆ ಇದ್ದೆವು. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಬಿಡಿಸಿ ನೋಡಿ. ಹುಳುವಿನ ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಇರುತ್ತದೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕಿ. ಏನು ಅಂತ ಗೊತ್ತಾಗದೆ ಮದ್ದು ಹೊಡೆಯಬೇಡಿ, ದುಡ್ಡು ದಂಡ.

ಸಾಗರದಿಂದ:
ಗೊಬ್ಬರದ ಲಾರಿ ಮೇಲೆ ಕಣ್ಣಿಡಿ. ಬಯಲುಸೀಮೆಯಿಂದ ತರಿಸಿದ ಗೊಬ್ಬರ ಇಳಿಸಿದ ಜಾಗದಲ್ಲೇ ನಮಗೆ ಕಾಂಗ್ರೆಸ್ ಗಿಡ ಬಂತು. ಮೊದಲ ಮಳೆ ಆದ ಮೇಲೆ ಅಲ್ಲಿ ಒಂದು ಸುತ್ತು ಹಾಕಿ, ಹೂ ಬಿಡುವ ಮೊದಲೇ ಕಿತ್ತುಬಿಡಿ. ಬರಿಗೈಲಿ ಬೇಡ, ತುರಿಕೆ ಜಾಸ್ತಿ.

ತೀರ್ಥಹಳ್ಳಿ ಕಡೆಯವರು, ಮತ್ತೆ:
ಒಂದು ಮರೆತಿದ್ದೆ. ಅನುಮಾನ ಬಂದ ಎಲೆಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯುವಾಗ ಪ್ಲಾಸ್ಟಿಕ್ ಕವರ್ ಬೇಡ, ಬೆವೆತು ಕೊಳೆಯುತ್ತದೆ. ನಾನು ಹಾಗೆ ಒಯ್ದು ಬೈಸಿಕೊಂಡು ಬಂದಿದ್ದೇನೆ. ಹಳೇ ಪೇಪರಲ್ಲಿ ಸುತ್ತಿ. ಪೂರ್ತಿ ಒಣಗಿದ ಸೋಗೆಯೂ ಬೇಡ, ಅರ್ಧ ಹಸಿರು ಅರ್ಧ ಚುಕ್ಕಿ ಇರುವುದನ್ನು ಆರಿಸಿ. ಫೋಟೋ ತೋಟದಲ್ಲೇ ತೆಗೆದಿಟ್ಟುಕೊಂಡು, ಪೇಟೆಗೆ ಹೋದಾಗ ಕಳಿಸಿದರೂ ನಡೆಯುತ್ತದೆ.