‘8ಡಿ’ ಮೊಳೆ ಎಂದರೆ ಯಾವ ಮೊಳೆ?

ಅಮೆರಿಕದ ಮರಗೆಲಸದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ‘8ಡಿ ಮೊಳೆ’ ಎಂಬಲ್ಲಿ ಎಡವಿದೆ. ‘ಡಿ’ ಎಂದರೆ ಡಯಾಮೀಟರ್ ಇರಬೇಕೆಂದುಕೊಂಡು ‘ಎಂಟು ಮಿಲಿಮೀಟರ್ ದಪ್ಪದ ಮೊಳೆ’ ಎಂದು ಬರೆದೂಬಿಟ್ಟಿದ್ದೆ. ಮನೆಯ ಬಾಗಿಲು ಸರಿಮಾಡಲು ಬಂದಿದ್ದ ಬಡಗಿ ಅದನ್ನು ಕೇಳಿ, ‘ಹಲಗೆ ಕೂಡಿಸುವುದಕ್ಕೋ ಸೀಳುವುದಕ್ಕೋ?’ ಎಂದು ನಕ್ಕ ಮೇಲೆ ನಿಘಂಟು ತೆರೆದೆ.

ಈ ‘ಡಿ’ ರೋಮನ್ನರ ‘ಡೆನೇರಿಯಸ್’ ನಾಣ್ಯದ ಮೊದಲಕ್ಷರ. ಇಂಗ್ಲೆಂಡಿನಲ್ಲಿ ಪೆನ್ನಿ ಎಂಬ ಚಿಲ್ಲರೆ ನಾಣ್ಯಕ್ಕೂ ಅದೇ ಗುರುತಿತ್ತು. (ಗುಪ್ತರ ಶಾಸನಗಳಲ್ಲಿ ಬರುವ ‘ದೀನಾರ’ವೂ ಅದರ ಸಂತಾನವೇ.) ಓದಬೇಕಾದದ್ದು ‘ಎಂಟು ಪೆನ್ನಿ ಮೊಳೆ’ ಎಂದು. 15ನೆಯ ಶತಮಾನದ ಇಂಗ್ಲೆಂಡಿನಲ್ಲಿ ನೂರಕ್ಕೆ ಎಂಟು ಪೆನ್ನಿ ಬೆಲೆಯ ಮೊಳೆಗೆ ಈ ಹೆಸರು. ಕಮ್ಮಾರ ಒಂದೊಂದನ್ನೂ ಕೈಯಲ್ಲೇ ಬಡಿದು ಮಾಡುತ್ತಿದ್ದ ಕಾಲ. ಮೊಳೆ ಉದ್ದವಾದಷ್ಟೂ ಕಬ್ಬಿಣ ಹೆಚ್ಚು, ಬೆಲೆಯೂ ಹೆಚ್ಚು. ಆಮೇಲೆ ಬೆಲೆ ಬದಲಾಯಿತು, ಹೆಸರು ಮಾತ್ರ ಉದ್ದಕ್ಕೆ ಅಂಟಿಕೊಂಡು ಉಳಿಯಿತು. ಎರಡು ಪೆನ್ನಿಯದು ಒಂದು ಇಂಚು, ಅಲ್ಲಿಂದ ಪೆನ್ನಿಗೆ ಕಾಲಿಂಚಿನಂತೆ ಏರಿ ಎಂಟರದು ಎರಡೂವರೆ, ಹತ್ತರದು ಮೂರು ಇಂಚು. ಮುಂದೆ ಲೆಕ್ಕ ತಪ್ಪುತ್ತದೆ: ಹದಿನಾರರದು ಮೂರೂವರೆ, ಅರವತ್ತರದು ಆರೇ ಇಂಚು! 1971ರಲ್ಲಿ ಬ್ರಿಟನ್ನೇ ತನ್ನ ಹಣದಿಂದ ‘ಡಿ’ ಗುರುತನ್ನು ಕೈಬಿಟ್ಟರೂ ಅಮೆರಿಕದ ಮೊಳೆ ಡಬ್ಬಿಗಳ ಮೇಲೆ ಅದು ಇಂದಿಗೂ ಇದೆ.

‘ಪೆನ್ನಿ’ ಎಂಬುದು ತೂಕದ ‘ಪೌಂಡ್’ ಸವೆದು ಆದ ರೂಪ, ಎಂಟು ಪೆನ್ನಿ ಎಂದರೆ ಸಾವಿರ ಮೊಳೆಗೆ ಎಂಟು ಪೌಂಡ್ ತೂಕ ಎನ್ನುವವರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹಳೆಯ ಲೆಕ್ಕಪತ್ರಗಳಲ್ಲಿ ಮೊಳೆಯ ಬೆಲೆ ಬರೆದಿರುವುದು ನೂರರ ಲೆಕ್ಕದಲ್ಲಿ, ಪೆನ್ನಿಗಳಲ್ಲಿ.

ಅನುವಾದಕ್ಕೆ ‘ಎಂಟಾಣೆ ಮೊಳೆ’ ಎಂಬ ಆಸೆ ಹುಟ್ಟಿತ್ತು. 1957ರಲ್ಲಿ ನಯಾಪೈಸೆ ಬಂದ ಮೇಲೂ ಐವತ್ತು ಪೈಸೆಯನ್ನು ನಾವು ಎಂಟಾಣೆ ಎಂದೇ ಕರೆದವರಲ್ಲವೇ? ಆದರೆ ಓದುಗ ಅಂಗಡಿಗೆ ಹೋಗಿ ಹಾಗೆ ಕೇಳಿದರೆ ಮೊಳೆ ಸಿಗುವುದಿಲ್ಲ. ಇಲ್ಲಿನ ಅಂಗಡಿಯವನು ಇಂಚು ಕೇಳಿ ಕಿಲೋ ತೂಗುತ್ತಾನೆ. ಸದ್ಯಕ್ಕೆ ‘ಎರಡೂವರೆ ಇಂಚಿನ ಮೊಳೆ’ ಎಂದು ತಿದ್ದಿಟ್ಟಿದ್ದೇನೆ.

ನಿಮ್ಮ ಕಡೆಯ ಬಡಗಿಗಳು, ಕಮ್ಮಾರರು ಮೊಳೆಯನ್ನು ಬೆಲೆಯಿಂದಲೋ ಬೇರೆ ಗುರುತಿನಿಂದಲೋ ಕರೆದದ್ದನ್ನು ಕೇಳಿದ್ದೀರಾ? ಕೇಳಿದ್ದರೆ ಊರಿನ ಹೆಸರಿನೊಂದಿಗೆ ತಿಳಿಸಿ.