ಬಾಟಲಿಯಲ್ಲಿ ಗ್ಯಾಸ್ ಜಾಸ್ತಿಯಾಗಿ ಮನೆ ಬಿಯರ್ ಸಿಡಿಯುತ್ತಿದೆ, ಸಕ್ಕರೆ ಎಷ್ಟು ಹಾಕಬೇಕಿತ್ತು?

ಪ್ರಶ್ನೆ:
ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮನೆ ಬಳಕೆಗೆ ಬಿಯರ್ ಮಾಡಲು ಇಲ್ಲಿ ಲೈಸೆನ್ಸ್ ಬೇಡ. ಮೊದಲ ಸಲ 23 ಲೀಟರಿನ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಕಿಟ್ ತಂದು ಮಾಡಿದೆ. ಆರನೇ ದಿನ ಗುಳ್ಳೆ ನಿಂತಿತು. ಅವತ್ತೇ 500 ಎಂ.ಎಲ್. ಬಾಟಲಿಗಳಿಗೆ ತುಂಬಿ, ಒಂದೊಂದಕ್ಕೂ ಒಂದು ಟೀ ಚಮಚ ಸಕ್ಕರೆ ಹಾಕಿ ಕ್ಯಾಪ್ ಒತ್ತಿದೆ. ಚಮಚ ತುಂಬಿ ಮೇಲೆ ಉಬ್ಬಿತ್ತು. ಎರಡು ವಾರ ಆಯ್ತು. ನಿನ್ನೆ ರಾತ್ರಿ ಬೀರುವಿನೊಳಗೆ ಒಂದು ಬಾಟಲಿ ಸಿಡಿಯಿತು. ಇನ್ನೊಂದನ್ನು ತೆಗೆದರೆ ಅರ್ಧ ಉಕ್ಕಿ ನೆಲಕ್ಕೆ ಹೋಯಿತು. ಮನೆಯಲ್ಲಿ ಪುಟ್ಟ ಮಗು ಇದೆ, ಭಯವಾಗುತ್ತಿದೆ. ಉಳಿದವನ್ನು ಏನು ಮಾಡಲಿ? ಮುಂದಿನ ಸಲ ಬೆಲ್ಲ ಹಾಕಬಹುದಾ?

ಉತ್ತರ:
ಸಕ್ಕರೆ ಲೆಕ್ಕ ಆಮೇಲೆ. ಮೊದಲು ಮಗುವನ್ನು ಆ ಕೋಣೆಗೆ ಬಿಡಬೇಡಿ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಕೋಟು ಹಾಕಿಕೊಳ್ಳಿ. ಬಾಟಲಿಗಳ ಮೇಲೆ ದಪ್ಪ ಟವೆಲ್ ಹೊದಿಸಿ, ಒಂದೊಂದಾಗಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಇಳಿಸಿ. ಅಲ್ಲಾಡಿಸಬೇಡಿ. ಈಗ ಅಲ್ಲಿ ಚಳಿಗಾಲ ಅಲ್ವಾ, ಹಿತ್ತಲಿನ ಶೆಡ್‌ನಲ್ಲಿಟ್ಟರೂ ತಣ್ಣಗಾಗುತ್ತದೆ. ಹೆಪ್ಪುಗಟ್ಟುವಷ್ಟು ಚಳಿ ಮಾತ್ರ ಬೇಡ. ಬಿಯರ್ ತಣ್ಣಗಾದಷ್ಟೂ ಗ್ಯಾಸ್ ಅದರಲ್ಲೇ ಕರಗಿರುತ್ತದೆ, ಒತ್ತಡ ಇಳಿಯುತ್ತದೆ.

ಈಗ ಲೆಕ್ಕ. ಬಾಟಲಿಗೆ ಹಾಕಿದ ಸಕ್ಕರೆಯನ್ನು ಯೀಸ್ಟ್ (ಬಿಯರ್ ಹುದುಗಿಸುವ ಸೂಕ್ಷ್ಮಜೀವಿ) ತಿಂದು ಗ್ಯಾಸ್ ಮಾಡುತ್ತದೆ. ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ ಅದು ಒಂದು ವಾಲ್ಯೂಮ್. ಪೇಲ್ ಏಲ್‌ಗೆ 2.3 ವಾಲ್ಯೂಮ್ ಸಾಕು. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಆಗಲೇ 0.85ರಷ್ಟು ಇರುತ್ತದೆ. ಬೇಕಾದ್ದು ಇನ್ನು 1.45. ಒಂದು ವಾಲ್ಯೂಮ್‌ಗೆ ಲೀಟರಿಗೆ ಹೆಚ್ಚುಕಡಿಮೆ 4 ಗ್ರಾಂ ಸಕ್ಕರೆ. ಅಂದರೆ ನಿಮ್ಮ 23 ಲೀಟರಿಗೆ ಸುಮಾರು 130 ಗ್ರಾಂ, ಬಾಟಲಿಗೆ 3 ಗ್ರಾಂ ಒಳಗೆ. ಉಬ್ಬಿದ ಚಮಚದಲ್ಲಿ 6 ಗ್ರಾಂ ಇದ್ದೀತು. ಅಲ್ಲಿಗೇ 4 ವಾಲ್ಯೂಮ್ ಹತ್ತಿರ ಹೋಯಿತು. ಮಾಮೂಲಿ ಬಿಯರ್ ಬಾಟಲಿಯಲ್ಲಿ ನಾನು 3 ದಾಟುವುದಿಲ್ಲ.

ಆದರೂ ಬರೀ ಚಮಚದ ತಪ್ಪು ಅಂತ ನನಗೆ ಅನಿಸುತ್ತಿಲ್ಲ. ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವುದು ಮುಗಿದಿರುವುದಿಲ್ಲ. ತುಂಬುವ ದಿನ ಹೈಡ್ರೋಮೀಟರ್ (ಬಿಯರ್‌ನ ಸಾಂದ್ರತೆ ಅಳೆಯುವ ಸಾಧನ, ಸಕ್ಕರೆ ಕರಗಿ ಹೋದಷ್ಟೂ ಅಂಕಿ ಇಳಿಯುತ್ತದೆ) ಎಷ್ಟು ತೋರಿಸಿತ್ತು? ಉಕ್ಕಿದ ಬಾಟಲಿಯಲ್ಲಿ ಉಳಿದದ್ದನ್ನು ಗ್ಯಾಸ್ ಪೂರ್ತಿ ಹೋಗುವವರೆಗೆ ಕಲಕಿ, ಮತ್ತೆ ಅಳೆದು ಹೇಳಿ.

ಪ್ರಶ್ನೆ ಕೇಳಿದವರು:
ಅವತ್ತು 1.014 ಇತ್ತು. ಈಗ 1.010. ಎಲ್ಲ ಬಾಟಲಿ ಶೆಡ್ ಸೇರಿವೆ, ಯಾವುದೂ ಒಡೆಯಲಿಲ್ಲ.

ಉತ್ತರ:
ಸದ್ಯ! ಅನುಮಾನ ನಿಜವಾಯಿತು. ಬಿಯರ್‌ನಲ್ಲೇ ಇನ್ನೂ ಸಕ್ಕರೆ ಉಳಿದಿತ್ತು, ಯೀಸ್ಟ್ ಅದನ್ನು ಬಾಟಲಿಯೊಳಗೆ ತಿಂದಿದೆ. ಹೀಗೆ ಹೈಡ್ರೋಮೀಟರ್‌ನಲ್ಲಿ ಇಳಿದ 0.001ರ ಒಂದೊಂದು ಪಾಯಿಂಟ್‌ಗೂ ಅರ್ಧ ವಾಲ್ಯೂಮ್ ಗ್ಯಾಸ್ ಅಂತ ಹಿಡಿಯಿರಿ. ನಿಮ್ಮ ಸಕ್ಕರೆಯದ್ದೂ ಸೇರಿದರೆ 5 ದಾಟಿದೆ. ಕ್ಯಾಪ್ ಸಡಿಲಿಸಿ ಗ್ಯಾಸ್ ಬಿಟ್ಟು ಹೊಸ ಕ್ಯಾಪ್ ಒತ್ತಿ ಅಂತ ಹೇಳೋಣ ಅಂದುಕೊಂಡಿದ್ದೆ. ಇಷ್ಟಿದ್ದರೆ ಬೇಡ. ಎರಡು ದಿನ ಚೆನ್ನಾಗಿ ತಣ್ಣಗಾಗಲಿ. ಅದೇ ಕೈಗವಸು, ಕನ್ನಡಕದಲ್ಲಿ, ಟವೆಲ್ ಸುತ್ತಿ ಒಂದೊಂದೇ ತೆಗೆದು ಚೆಲ್ಲಿಬಿಡಿ. ಮೊದಲ ಸಲ ಮಾಡಿದ್ದು, ಹೊಟ್ಟೆ ಉರಿಯುತ್ತದೆ, ಗೊತ್ತು. ಮಗು ಇರುವ ಮನೆ, ಇಟ್ಟುಕೊಳ್ಳಬೇಡಿ. ಆ ಖಾಲಿ ಬಾಟಲಿಗಳನ್ನೂ ಮತ್ತೆ ತುಂಬಬೇಡಿ.

ಮುಂದಿನ ಸಲ ಎರಡು ವಾರ ಬಕೆಟ್‌ನಲ್ಲೇ ಬಿಡಿ. ಮೂರು ದಿನ ಬಿಟ್ಟು ಎರಡು ಸಲ ಅಳೆದಾಗಲೂ ಒಂದೇ ಅಂಕಿ ಬರಬೇಕು. 130 ಗ್ರಾಂ ಸಕ್ಕರೆಯನ್ನು ತಕ್ಕಡಿಯಲ್ಲಿ ತೂಗಿ, ಒಂದು ಲೋಟ ನೀರಲ್ಲಿ ಕುದಿಸಿ, ಆರಿಸಿ, ತೊಳೆದು ಸ್ಯಾನಿಟೈಸ್ ಮಾಡಿದ ಇನ್ನೊಂದು ಬಕೆಟ್‌ನ ತಳಕ್ಕೆ ಹಾಕಿ. ಅದರ ಮೇಲೆ ಪೈಪಿನಿಂದ ಬಿಯರ್ ಇಳಿಸಿ ಮೆಲ್ಲಗೆ ಒಮ್ಮೆ ತಿರುವಿ. ಎಲ್ಲ ಬಾಟಲಿಗೂ ಸಮನಾಗಿ ಹೋಗುತ್ತದೆ. ಬೆಲ್ಲ ಸದ್ಯಕ್ಕೆ ಬೇಡ. ಅದರ ತೇವ ಒಂದೊಂದು ಅಚ್ಚಿನಲ್ಲಿ ಒಂದೊಂದು ಥರ, ಲೆಕ್ಕ ಕೂರುವುದಿಲ್ಲ.