ಬಾಂಡನಿಗೆ ಕನ್ನಡದಲ್ಲಿ ಯಾವ ಪದ? ಜೊತೆಗೆ, ನಮ್ಮ ಕಡೆಯ ‘ಸಿಐಡಿ’ ಎಷ್ಟು ಹಳೆಯದು?

ಪದಬಳಗದ ಎಲ್ಲರಿಗೂ ವಿಜಯಪುರದಿಂದ ನಮಸ್ಕಾರ.

ನಮ್ಮ ಓದುಗರ ಗುಂಪಿನಲ್ಲಿ ಈ ಸಲ ಜೇಮ್ಸ್ ಬಾಂಡ್ ಬಗ್ಗೆ ಮಾತುಕತೆ. 1953ರಲ್ಲಿ ಇಯಾನ್ ಫ್ಲೆಮಿಂಗ್ ಕಾದಂಬರಿಯಲ್ಲಿ ಹುಟ್ಟಿದವನು ಇನ್ನೂ ಯಾಕೆ ಹಳತಾಗಿಲ್ಲ ಅನ್ನೋದು ವಿಷಯ. ಕರಪತ್ರದ ಕರಡಿನಲ್ಲಿ ಒಬ್ಬರು ‘ಪತ್ತೇದಾರ ಬಾಂಡ್’ ಅಂತ ಬರೆದರು. ಇನ್ನೊಬ್ಬರು ಅದನ್ನು ಹೊಡೆದು ‘ಗೂಢಚಾರ’ ಮಾಡಿದರು. ಮೂರನೆಯವರು ‘ಬೇಹುಗಾರ’ ಅಂತ ಪಟ್ಟು ಹಿಡಿದರು. ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.

ಪತ್ತೇದಾರ ಅಂತೂ ಅಲ್ಲ. ಕೊಲೆ ಆದ ಮೇಲೆ ಬಂದು ಕೊಲೆಗಾರನನ್ನು ಹುಡುಕುವವನು ಪತ್ತೇದಾರ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಪುರುಷೋತ್ತಮನಿಗೆ ಆ ಪದ ಸರಿ. ಬಾಂಡ್‌ಗೆ ಖಳ ಯಾರು ಅಂತ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಎದುರು ಕೂತು ಅವನ ಜೊತೆ ಇಸ್ಪೀಟೂ ಆಡುತ್ತಾನೆ!

‘ಬೇಹು’ ನನಗೆ ತುಂಬಾ ಇಷ್ಟದ ಪದ. ತಮಿಳಿನ ‘ವೇವು’, ತೆಲುಗಿನ ‘ವೇಗು’ ಇದರ ಅಕ್ಕತಂಗಿಯರು. ತಮಿಳಿನ ‘ವೇರು’ ನಮ್ಮಲ್ಲಿ ‘ಬೇರು’ ಆಗಿರುವ ಹಾಗೆಯೇ ಇದೂ. ಆದರೆ ಪತ್ರಿಕೆ ಓದುವಾಗ ಒಂದು ಗಮನಿಸಿ. ನಮ್ಮ ಸರ್ಕಾರದ್ದಾದರೆ ‘ಗುಪ್ತಚರ ಇಲಾಖೆ’. ಶತ್ರು ದೇಶದ್ದಾದರೆ ಹೆಚ್ಚಾಗಿ ‘ಬೇಹುಗಾರಿಕೆ’. ಕೆಲಸ ಒಂದೇ, ಅಚ್ಚಗನ್ನಡ ಪದಕ್ಕೆ ಮಾತ್ರ ಕೆಟ್ಟ ಹೆಸರು. ಯಾಕೆ ಹೀಗಾಯಿತೋ!

ನಮ್ಮ ಭಾಗದಲ್ಲಿ ಪದಗಳಿಗೇನೂ ಬರವಿಲ್ಲ. ಬೆಳಗಾವಿಯಲ್ಲಿ ಮರಾಠಿ ಮಂದಿ ‘ಹೇರ’, ‘ಗುಪ್ತಹೇರ’ ಅನ್ನುತ್ತಾರೆ. ನಮ್ಮ ಊರಿನ ಉರ್ದುವಿನಲ್ಲಿ ‘ಜಾಸೂಸ್’. ಪೊಲೀಸರ ಬರವಣಿಗೆಯಲ್ಲಿ ‘ಬಾತ್ಮೀದಾರ’ ಇದ್ದಾನೆ. ‘ಖಚಿತ ಬಾತ್ಮಿ ಬಂದ ಮೇರೆಗೆ’ ಅಂತ ಶುರುವಾಗುವ ಆ ಸಾಲು ಯಾರಿಗೆ ಗೊತ್ತಿಲ್ಲ? ಆದರೆ ಬಾತ್ಮೀದಾರ ಸುದ್ದಿ ಮುಟ್ಟಿಸಿ ಮನೆಗೆ ಹೋಗುವವನು. ಅವನ ಹೆಸರು ಕಾಗದದಲ್ಲಿ ಬರುವುದೇ ಇಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಗೂಢ, ಗುಪ್ತ, ಬೇಹು, ಹೇರ ಎಲ್ಲವೂ ಮರೆಯಲ್ಲಿ ಇರುವವನ ಪದಗಳು. ಬಾಂಡ್ ಮಾಡುವ ಮೊದಲ ಕೆಲಸವೇ ತನ್ನ ಹೆಸರು ಹೇಳುವುದು. 1962ರ ಮೊದಲ ಸಿನಿಮಾದಲ್ಲಿ ಜೂಜಿನ ಮೇಜಿನ ಮುಂದೆ, ತುಟಿಯಲ್ಲಿ ಸಿಗರೇಟು ಇಟ್ಟುಕೊಂಡು ಶಾನ್ ಕಾನರಿ ಆರಾಮಾಗಿ ಹೆಸರು ಹೇಳುತ್ತಾನೆ. ಮೊದಲು ಅಡ್ಡಹೆಸರು, ಆಮೇಲೆ ಪೂರ್ತಿ ಹೆಸರು. ಯಾವ ಗೂಢಚಾರ ಹಾಗೆ ಮಾಡುತ್ತಾನೆ ಹೇಳಿ? ತಮಾಷೆ ಅಂದರೆ ಫ್ಲೆಮಿಂಗ್ ಆ ಹೆಸರು ಆರಿಸಿದ್ದು ಅದು ತೀರಾ ಸಪ್ಪೆ ಅಂತ. ವೆಸ್ಟ್ ಇಂಡೀಸ್ ಹಕ್ಕಿಗಳ ಮೇಲೆ ಪುಸ್ತಕ ಬರೆದ ಅಮೆರಿಕದ ಪಕ್ಷಿತಜ್ಞರೊಬ್ಬರ ಹೆಸರದು. ಫ್ಲೆಮಿಂಗ್ ಸ್ವತಃ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದವರು. ನಿಜವಾದ ಗೂಢಚಾರರು ಹೇಗಿರುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ನನ್ನ ಪ್ರಕಾರ ಜನಕ್ಕೆ ಹಿಡಿಸಿದ್ದು ಇದೇ. ಗುಟ್ಟಿನ ಕೆಲಸ ಮಾಡಬೇಕು, ಆದರೆ ಸೂಟು ಹಾಕಿಕೊಂಡು ಎಲ್ಲರ ಎದುರಿಗೇ ಮಾಡಬೇಕು. ಅದಕ್ಕೇ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಹೋದರೂ ಇವನು ನಿರುದ್ಯೋಗಿ ಆಗಲಿಲ್ಲ. 1995ರಲ್ಲಿ ಹೊಸ ನಟನ ಜೊತೆ ಮತ್ತೆ ಬಂದ. ಆಗ ಅವನ ಮೇಲಧಿಕಾರಿ ಒಬ್ಬ ಹೆಂಗಸು. ನಟರು ಬದಲಾದರು, ಶತ್ರುಗಳು ಬದಲಾದರು. ಹೆಸರು, ನಂಬರು, ಹೆಸರು ಹೇಳುವ ರೀತಿ ಮಾತ್ರ ಹಾಗೇ ಉಳಿದವು.

ಹಳೆಯದರಲ್ಲಿ ಹುಡುಕಿದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹತ್ತಿರದ ಪದ ಇದೆ. ಅಲ್ಲಿ ಗೂಢಪುರುಷರಲ್ಲಿ ಹಲವು ಬಗೆ. ತಾಪಸನ ವೇಷದವನು, ವ್ಯಾಪಾರಿ ವೇಷದವನು, ವಿಷ ಹಾಕುವ ‘ರಸದ’. ಅವರ ನಡುವೆ ‘ತೀಕ್ಷ್ಣ’ ಅಂತ ಒಬ್ಬ. ಜೀವದ ಹಂಗಿಲ್ಲದೆ, ದುಡ್ಡಿಗಾಗಿ ಆನೆ, ಹುಲಿಗಳ ಜೊತೆ ಹೋರಾಡುವ ಶೂರ. ಕೊಲ್ಲುವ ಪರವಾನಗಿ ಇರುವ 007 ಇವನೇ ಅಲ್ವಾ? ಆದರೆ ಕರಪತ್ರದಲ್ಲಿ ‘ತೀಕ್ಷ್ಣ ಬಾಂಡ್’ ಅಂತ ಹಾಕಿದರೆ ಜನ ಮೆಣಸಿನಕಾಯಿ ಜಾಹೀರಾತು ಅಂದುಕೊಳ್ಳುತ್ತಾರೆ. ಬರೀ ‘ಬಾಂಡ್’ ಅಂದರೆ ಕೋರ್ಟಿನ ಹತ್ತಿರ ಛಾಪಾ ಕಾಗದ ಕೈಗೆ ಕೊಡುತ್ತಾರೆ.

ಈಗ ಎರಡನೇ ಪ್ರಶ್ನೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಕುತೂಹಲ ಇರುವುದು ಇದರ ಬಗ್ಗೆ. ಕನ್ನಡದ ಬಾಂಡ್‌ಗೆ ಸಿನಿಮಾದವರು ಮೇಲಿನ ಯಾವ ಪದವನ್ನೂ ಮುಟ್ಟಲಿಲ್ಲ. ದೊರೆ-ಭಗವಾನ್ 1968ರಲ್ಲಿ ‘ಜೇಡರ ಬಲೆ’ ಮಾಡಿದಾಗ ರಾಜಕುಮಾರ್ ಸಿಐಡಿ 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು. ಲೆಕ್ಕಕ್ಕೆ ನೋಡಿದರೆ ಸಿಐಡಿ ಅಪರಾಧ ತನಿಖೆ ಮಾಡುವ ಪೊಲೀಸ್ ವಿಭಾಗ. ಅದಕ್ಕೂ ಗೂಢಚಾರನಿಗೂ ಏನು ಸಂಬಂಧ? ಆದರೂ ಯಾರೂ ಕೇಳಲಿಲ್ಲ, ಎಲ್ಲರಿಗೂ ಅರ್ಥವಾಯಿತು.

ನಮ್ಮ ಮನೆಗಳಲ್ಲಿ ಇವತ್ತಿಗೂ ಹಣಿಕಿ ಹಾಕಿ ನೋಡುವ ಹುಡುಗನಿಗೆ ‘ಏನಲೇ, ಭಾಳ ಸಿಐಡಿ ಆಗೀದಿ?’ ಅಂತ ಬೈಯುತ್ತಾರೆ. ‘ಸುಮ್ ಕುಂದರು, ಸಿಐಡಿಗಿರಿ ಮಾಡಬ್ಯಾಡ’ ಅನ್ನುವುದೂ ಉಂಟು. ಈ ಮಾತು ಸಿನಿಮಾದಿಂದ ಬಂತೇ? ಅಥವಾ ಅದಕ್ಕಿಂತ ಹಿಂದಿನದೇ? ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಬ್ರಿಟಿಷರ ಕಾಲದಲ್ಲಿ ಚಳವಳಿಗಾರರ ಬೆನ್ನ ಹಿಂದೆ ಸಿಐಡಿಯವರು ಇರುತ್ತಿದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಆದದ್ದೂ ಬೆಳಗಾವಿಯಲ್ಲೇ. ‘ಸಿಐಡಿ’ ಬೈಗುಳ ಆಗಿದ್ದು ಆ ಕಾಲದಲ್ಲೇ ಅಂತ ನನ್ನ ಊಹೆ. ಸಿನಿಮಾ ಆಮೇಲೆ ಅದಕ್ಕೆ ಕೋಟು ತೊಡಿಸಿರಬೇಕು.

ಬಾಗಲಕೋಟೆ, ಜಮಖಂಡಿ, ಗೋಕಾಕ ಕಡೆಯ ಹಿರಿಯರು ದಯವಿಟ್ಟು ತಿಳಿಸಿ. 1968ಕ್ಕಿಂತ ಮೊದಲು ನಿಮ್ಮ ಊರಲ್ಲಿ ಈ ಬೈಗುಳ ಕೇಳಿದ್ದಿರಾ? ಹಳೆ ಪತ್ರ, ಡೈರಿ, ಲಾವಣಿ, ನಾಟಕದ ಮಾತು ಯಾವುದರಲ್ಲಾದರೂ ಸಿಕ್ಕರೆ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ. ಟೀವಿ ಧಾರಾವಾಹಿ ನೋಡಿ ಕಲಿತ ಬಳಕೆ ಬೇಡ, ಅದು ನಮ್ಮ ಮಕ್ಕಳ ಬಾಯಲ್ಲೇ ಬೇಕಾದಷ್ಟಿದೆ. ಬಾಂಡ್‌ಗೆ ಪದ ಹೊಳೆದವರು ಈ ವಾರದಲ್ಲೇ ಹೇಳಿ. ಇಲ್ಲವಾದರೆ ಕರಪತ್ರದಲ್ಲಿ ‘007’ ಅಂತ ಮಾತ್ರ ಹಾಕಿ ಪ್ರೆಸ್ಸಿಗೆ ಕೊಡುತ್ತೇವೆ.